ನಾಗರಿಕ ಸೇವಾ ಕೇಂದ್ರಗಳ ಗಣಕಜಾಲ: ಸ್ವಿಚ್ಚಿನಲ್ಲಿ ವರ್ಚುವಲ್ ಜಾಲ ಹಾಗೂ ಸಂಪರ್ಕ ಸಮೂಹದ ಅಳವಡಿಕೆ – ಸಾರ್ವಜನಿಕ ಮಾಹಿತಿ

1. ಪೀಠಿಕೆ

ಜಾತಿ, ಆದಾಯ ಹಾಗೂ ವಾಸಸ್ಥಳ ದೃಢೀಕರಣ ಪತ್ರ, ಪಹಣಿ ಪ್ರತಿ, ಮಾಸಾಶನ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳು ಇಂದು ಗಣಕಯಂತ್ರದ ಮೂಲಕವೇ ದಾಖಲಾಗುತ್ತವೆ. ಅರ್ಜಿದಾರರು ಕೌಂಟರಿನಲ್ಲಿ ನೀಡುವ ಪ್ರತಿಯೊಂದು ಕಾಗದವೂ ಸ್ಕ್ಯಾನ್ ಆಗಿ, ಕಚೇರಿಯೊಳಗಿನ ಗಣಕಜಾಲದ ಮೂಲಕ ಹಾದು, ನಂತರ ದತ್ತಾಂಶ ಕೇಂದ್ರವನ್ನು ತಲುಪುತ್ತದೆ. ಈ ಒಳಜಾಲದ ನಡುವೆ ಇರುವ ಮುಖ್ಯ ಉಪಕರಣವೇ ಸ್ವಿಚ್ಚು.

ಕೌಂಟರಿನಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆತಾಗ, ದೋಷವು ಯಾವಾಗಲೂ ದೂರದ ಸರ್ವರಿನಲ್ಲಿಯೇ ಇರುತ್ತದೆಂದು ಭಾವಿಸಬೇಕಾಗಿಲ್ಲ. ಅನೇಕ ವೇಳೆ ಅದು ಅದೇ ಕಟ್ಟಡದ ಗೋಡೆಯ ಮೇಲಿನ ಸ್ವಿಚ್ಚಿನಲ್ಲಿ, ಒಂದು ತಂತಿಯಲ್ಲಿ ಅಥವಾ ಒಂದು ತಪ್ಪು ಸಂರಚನೆಯಲ್ಲಿ ಇರುತ್ತದೆ. ಒಂದು ದಿನದ ಕೂಲಿ ಬಿಟ್ಟು ದೂರದ ಗ್ರಾಮದಿಂದ ಬಂದ ಅರ್ಜಿದಾರರಿಗೆ ಈ ವ್ಯತ್ಯಾಸವು ಸಣ್ಣದಲ್ಲ. ಸರ್ವರಿನ ದೋಷವನ್ನು ಕೇಂದ್ರದಲ್ಲಿ ಸರಿಪಡಿಸಲು ಆಗುವುದಿಲ್ಲ. ಸ್ವಿಚ್ಚಿನ ದೋಷವನ್ನು ಬಹುಪಾಲು ಅಲ್ಲಿಯೇ ಸರಿಪಡಿಸಬಹುದು.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದ್ದು, ಅರ್ಜಿ ಸಲ್ಲಿಕೆಯಾದ ದಿನಾಂಕದಿಂದ ಅದರ ಎಣಿಕೆ ನಡೆಯುತ್ತದೆ. ಜಾಲ ಸ್ಥಗಿತಗೊಂಡು ಅರ್ಜಿ ದಾಖಲಾಗದೆ ಹೋದಲ್ಲಿ, ಆ ದಿನ ಅರ್ಜಿದಾರರ ಕೈಯಲ್ಲಿ ಪುರಾವೆಯಾಗಿ ಏನೂ ಉಳಿಯುವುದಿಲ್ಲ. ಆದುದರಿಂದ ಒಳಜಾಲದ ಭದ್ರತೆ ಹಾಗೂ ನಿರಂತರತೆಯನ್ನು ಕೇವಲ ತಾಂತ್ರಿಕ ವಿಷಯವೆಂದು ಪರಿಗಣಿಸಲಾಗದು.

ಈ ಪುಟದಲ್ಲಿ ಎರಡು ವ್ಯವಸ್ಥೆಗಳನ್ನು ವಿವರಿಸಲಾಗಿದೆ. ಮೊದಲನೆಯದು, ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಂಗಡಿಸುವ ವರ್ಚುವಲ್ ಜಾಲ. ಎರಡನೆಯದು, ಹಲವು ತಂತಿಗಳನ್ನು ಒಂದೇ ಸಂಪರ್ಕದಂತೆ ದುಡಿಸುವ ಸಂಪರ್ಕ ಸಮೂಹ.

2. ಈ ಮಾಹಿತಿ ಯಾರಿಗೆ ಉಪಯುಕ್ತ

(ಅ) ಸೇವಾ ಕೇಂದ್ರವನ್ನು ನಡೆಸುವ ಅಥವಾ ನಡೆಸಲು ಅರ್ಜಿ ಸಲ್ಲಿಸುವ ನಿರ್ವಾಹಕರಿಗೆ.
(ಆ) ಕೇಂದ್ರದ ಯಂತ್ರಾಂಶ ನಿರ್ವಹಣೆಯ ಹೊಣೆ ಹೊತ್ತ ಸಿಬ್ಬಂದಿಗೆ.
(ಇ) ತಮ್ಮ ದಾಖಲೆಗಳು ಕೌಂಟರಿನಿಂದ ಮುಂದೆ ಹೇಗೆ ಸಾಗುತ್ತವೆ, ಅವುಗಳಿಗೆ ಯಾವ ರಕ್ಷಣೆ ಇದೆ ಎಂಬುದನ್ನು ತಿಳಿಯಬಯಸುವ ಅರ್ಜಿದಾರರಿಗೆ. ಇವರು ಕ್ರಮ ಸಂಖ್ಯೆ 1 ರಿಂದ 4 ಹಾಗೂ 9ನ್ನು ಓದಿದರೆ ಸಾಕು.

3. ಪದಗಳ ವಿವರಣೆ

ಸ್ವಿಚ್ಚು: ಒಂದು ಕಟ್ಟಡದ ಗಣಕಯಂತ್ರಗಳು, ಮುದ್ರಕಗಳು, ಕ್ಯಾಮೆರಾಗಳು ಮುಂತಾದವುಗಳ ತಂತಿಗಳು ಬಂದು ಸೇರುವ ಪೆಟ್ಟಿಗೆ. ತಂತಿ ಜೋಡಿಸುವ ಪ್ರತಿಯೊಂದು ಕಿಂಡಿಗೆ ಪೋರ್ಟ್ ಎಂದು ಹೆಸರು. ಸಂರಚನೆಗೆ ಅವಕಾಶವಿಲ್ಲದ ಸಾಧಾರಣ ಸ್ವಿಚ್ಚಿನಲ್ಲಿ ಎಲ್ಲ ಪೋರ್ಟುಗಳೂ ಒಂದೇ ಜಾಲಕ್ಕೆ ಸೇರಿರುತ್ತವೆ. ಪ್ರತಿ ಪೋರ್ಟಿನ ನಡವಳಿಕೆಯನ್ನು ಬೇರೆಬೇರೆಯಾಗಿ ನಿಗದಿಪಡಿಸಬಹುದಾದ ಸ್ವಿಚ್ಚಿಗೆ ಮ್ಯಾನೇಜ್ಡ್ ಸ್ವಿಚ್ ಎನ್ನಲಾಗುತ್ತದೆ. ಇಲ್ಲಿನ ವಿವರಣೆ ಇಂತಹ ಸ್ವಿಚ್ಚಿಗೆ ಮಾತ್ರ ಅನ್ವಯ.

ವರ್ಚುವಲ್ ಜಾಲ: ವಿಲ್ಯಾನ್ ಎಂಬ ಹೆಸರಿನಿಂದಲೂ ಪರಿಚಿತ. ಒಂದು ಸ್ವಿಚ್ಚಿನ ಪೋರ್ಟುಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನ ಸಂದೇಶ ಮತ್ತೊಂದು ಗುಂಪಿಗೆ ನೇರವಾಗಿ ಹೋಗದಂತೆ ಮಾಡುವ ವ್ಯವಸ್ಥೆ. ಪ್ರತಿ ಗುಂಪಿಗೆ ಒಂದು ಸಂಖ್ಯೆ ಇರುತ್ತದೆ. ಬಳಕೆಗೆ ಲಭ್ಯವಿರುವ ಸಂಖ್ಯೆಗಳು 1 ರಿಂದ 4094.

ಗುರುತುಚೀಟಿ: ಟ್ಯಾಗ್ ಎಂಬುದೇ ಇದು. ಎರಡು ಸ್ವಿಚ್ಚುಗಳ ನಡುವಿನ ಒಂದೇ ತಂತಿಯಲ್ಲಿ ಹಲವು ವರ್ಚುವಲ್ ಜಾಲಗಳ ಸಂದೇಶಗಳು ಸಾಗುವಾಗ, ಯಾವ ಸಂದೇಶ ಯಾವ ಜಾಲದ್ದು ಎಂದು ತಿಳಿಯುವುದು ಅಗತ್ಯ. ಇದಕ್ಕಾಗಿ ಪ್ರತಿ ಸಂದೇಶಕ್ಕೆ 4 ಬೈಟ್‌ಗಳ ಗುರುತು ಸೇರಿಸಲಾಗುತ್ತದೆ. ಕಚೇರಿಯ ಟಪಾಲು ವಿಭಾಗದಲ್ಲಿ ಬಂದ ಪತ್ರದ ಮೇಲೆ ಶಾಖೆಯ ಸಂಕೇತ ಬರೆದು ಒಂದೇ ಚೀಲದಲ್ಲಿ ಕಳುಹಿಸಿ, ಮೇಲಿನ ಅಂತಸ್ತಿನಲ್ಲಿ ಆ ಸಂಕೇತ ನೋಡಿ ಆಯಾ ಶಾಖೆಗೆ ವಿತರಿಸುವ ಪದ್ಧತಿಯನ್ನು ಇದು ಹೋಲುತ್ತದೆ. ಈ ಗುರುತಿನ ನಮೂನೆಯನ್ನು 802.1ಕ್ಯೂ ಎಂಬ ಅಂತರರಾಷ್ಟ್ರೀಯ ಮಾನಕವು 1998ರಲ್ಲಿ ನಿಗದಿಪಡಿಸಿತು. ಗುರುತಿನಲ್ಲಿ ಜಾಲದ ಸಂಖ್ಯೆಗೆ ಮೀಸಲಾದ ಸ್ಥಳ 12 ಬಿಟ್‌ಗಳು. ಆದ ಕಾರಣ ಒಟ್ಟು 4096 ಸಂಖ್ಯೆಗಳು ಸಾಧ್ಯ. ಅವುಗಳ ಪೈಕಿ ಮೊದಲನೆಯ ಹಾಗೂ ಕೊನೆಯ ಸಂಖ್ಯೆ ಕಾಯ್ದಿರಿಸಲ್ಪಟ್ಟಿವೆ.

ಸಂಪರ್ಕ ಸಮೂಹ: ಎರಡು ಅಥವಾ ಹೆಚ್ಚು ತಂತಿಗಳನ್ನು ಸೇರಿಸಿ ಒಂದೇ ಸಂಪರ್ಕದಂತೆ ಬಳಸುವ ವ್ಯವಸ್ಥೆ. ಇದರ ಮಾನಕವು 2000ದಲ್ಲಿ 802.3ಎಡಿ ಎಂದು ಪ್ರಕಟವಾಗಿ, 2008ರಿಂದ 802.1ಎಎಕ್ಸ್ ಎಂಬ ಹೆಸರಿನಲ್ಲಿದೆ. ಸಮೂಹದ ಎರಡೂ ತುದಿಗಳು ಪರಸ್ಪರ ಗುರುತಿಸಿಕೊಳ್ಳಲು ಬಳಸುವ ಸಂವಾದಕ್ಕೆ ಎಲ್‌ಎಸಿಪಿ ಎಂದು ಹೆಸರು.

ಗಮನಿಸಬೇಕಾದ ಅಂಶ: ತಯಾರಕರು ಬಳಸುವ ಹೆಸರುಗಳಲ್ಲಿ ಏಕರೂಪತೆ ಇಲ್ಲ. ಸಿಸ್ಕೋ ಸ್ವಿಚ್ಚುಗಳಲ್ಲಿ ಟ್ರಂಕ್ ಎಂದರೆ ಹಲವು ವರ್ಚುವಲ್ ಜಾಲಗಳನ್ನು ಗುರುತು ಸಹಿತ ಸಾಗಿಸುವ ಪೋರ್ಟ್. ಎಚ್‌ಪಿ ಪ್ರೊಕರ್ವ್ ಸ್ವಿಚ್ಚುಗಳಲ್ಲಿ ಅದೇ ಪದಕ್ಕೆ ಸಂಪರ್ಕ ಸಮೂಹ ಎಂದರ್ಥ. ಸಿಸ್ಕೋದಲ್ಲಿ ಸಮೂಹಕ್ಕೆ ಈಥರ್‌ಚಾನೆಲ್ ಎಂಬ ಹೆಸರಿದೆ. ಒಂದು ತಯಾರಕರ ಕೈಪಿಡಿ ನೋಡಿ ಮತ್ತೊಬ್ಬರ ಸ್ವಿಚ್ಚನ್ನು ಸಂರಚಿಸುವಾಗ ಈ ಒಂದು ಪದದಿಂದ ತಪ್ಪಾಗುವ ಸಂಭವ ಹೆಚ್ಚು.

4. ಈ ವ್ಯವಸ್ಥೆಗಳ ಅಗತ್ಯ

4.1 ದಾಖಲೆಗಳ ಗೋಪ್ಯತೆ: ಕೇಂದ್ರಗಳಲ್ಲಿ ಸಾರ್ವಜನಿಕರು ಸ್ವತಃ ಬಳಸುವ ಕಿಯೋಸ್ಕ್, ಉಚಿತ ವೈಫೈ, ಟೋಕನ್ ಫಲಕ ಮತ್ತು ಕ್ಯಾಮೆರಾಗಳೂ ಇರುತ್ತವೆ. ಇವೆಲ್ಲವೂ ಕೌಂಟರಿನ ಗಣಕಯಂತ್ರಗಳೊಂದಿಗೆ ಒಂದೇ ಜಾಲದಲ್ಲಿದ್ದರೆ, ನಿರೀಕ್ಷಣಾ ಕೊಠಡಿಯಲ್ಲಿ ಕುಳಿತ ಯಾರೇ ಆದರೂ ತಮ್ಮ ಮೊಬೈಲಿನಿಂದ ಕೌಂಟರಿನ ಯಂತ್ರವನ್ನು ಹುಡುಕಿ ಪ್ರವೇಶಿಸಲು ಪ್ರಯತ್ನಿಸಬಹುದು. ಆ ಯಂತ್ರಗಳಲ್ಲಿ ಅರ್ಜಿದಾರರ ಆದಾಯದ ವಿವರ, ಬ್ಯಾಂಕ್ ಖಾತೆ, ಗುರುತಿನ ದಾಖಲೆಗಳ ಪ್ರತಿಗಳು ಇರುತ್ತವೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ವೈಯಕ್ತಿಕ ದತ್ತಾಂಶವನ್ನು ಹೊಂದಿರುವವರು ಅದರ ರಕ್ಷಣೆಗೆ ಸಮಂಜಸವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳುವ ಹೊಣೆಯನ್ನು ವಿಧಿಸುತ್ತದೆ. ಜಾಲವನ್ನು ವಿಂಗಡಿಸುವುದು ಅಂತಹ ಕ್ರಮಗಳ ಪೈಕಿ ಮೊದಲ ಮೆಟ್ಟಿಲು.

4.2 ಅನಗತ್ಯ ಸಂಚಾರದ ತಡೆ: ಜಾಲದ ಉಪಕರಣಗಳು ಪರಸ್ಪರ ಹುಡುಕಲು ಎಲ್ಲರಿಗೂ ಕೇಳುವಂತೆ ಸಂದೇಶ ಕಳುಹಿಸುತ್ತವೆ. ವಿಂಗಡಣೆಯ ನಂತರ ಇಂತಹ ಸಂದೇಶಗಳು ಆಯಾ ವರ್ಚುವಲ್ ಜಾಲದ ಗಡಿಯನ್ನು ದಾಟುವುದಿಲ್ಲ. ವೈಫೈ ವಿಭಾಗದ ಒಂದು ದೋಷಯುಕ್ತ ಉಪಕರಣದ ಕೂಗಾಟ ಕೌಂಟರುಗಳಿಗೆ ಕೇಳುವುದಿಲ್ಲ.

4.3 ಕೆಲಸದ ನಿರಂತರತೆ: ಎರಡು ಸ್ವಿಚ್ಚುಗಳ ನಡುವೆ ಒಂದೇ ತಂತಿ ಇದ್ದರೆ, ಇಲಿ ಕಡಿದರೂ, ಗೋಡೆಗೆ ಮೊಳೆ ಹೊಡೆದರೂ ಇಡೀ ಅಂತಸ್ತು ಸ್ಥಗಿತಗೊಳ್ಳುತ್ತದೆ. ಎರಡು ತಂತಿಗಳ ಸಮೂಹವಿದ್ದಲ್ಲಿ ಒಂದು ಕಡಿದರೂ ಇನ್ನೊಂದರಲ್ಲಿ ಕೆಲಸ ಮುಂದುವರಿಯುತ್ತದೆ.

4.4 ಮಿತಿ: ಸಂಪರ್ಕ ಸಮೂಹದಿಂದ ಕಟ್ಟಡದ ಹೊರಗಿನ ಸಂಪರ್ಕದ ವೇಗ ಹೆಚ್ಚುವುದಿಲ್ಲ. ಒಂದು ಎ4 ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದಾಗ, ಸಂಕುಚನಕ್ಕೆ ಮೊದಲು ಅದರ ಗಾತ್ರ ಸುಮಾರು 26 ಮೆಗಾಬೈಟ್. ಅದು ಸೆಕೆಂಡಿಗೆ 1 ಗಿಗಾಬಿಟ್ ವೇಗದ ಒಳಜಾಲದಲ್ಲಿ ಸುಮಾರು 0.2 ಸೆಕೆಂಡಿನಲ್ಲಿಯೂ, 100 ಮೆಗಾಬಿಟ್ ಜಾಲದಲ್ಲಿ ಸುಮಾರು 2 ಸೆಕೆಂಡಿನಲ್ಲಿಯೂ, 10 ಮೆಗಾಬಿಟ್ ವೇಗದ ಹೊರ ಸಂಪರ್ಕದಲ್ಲಿ ಸುಮಾರು 21 ಸೆಕೆಂಡಿನಲ್ಲಿಯೂ ಸಾಗುತ್ತದೆ. ಹೊರ ಸಂಪರ್ಕ ನಿಧಾನವಿದ್ದಲ್ಲಿ ಪರಿಹಾರ ದಾಖಲೆಯ ಸಂಕುಚನವೇ ಹೊರತು ಒಳಗಿನ ಹೆಚ್ಚುವರಿ ತಂತಿಯಲ್ಲ.

5. ಮಾದರಿ ಯೋಜನೆ

ವಿವರಣೆಗಾಗಿ ಎರಡು ಅಂತಸ್ತುಗಳ ಒಂದು ಕೇಂದ್ರವನ್ನು ಪರಿಗಣಿಸಲಾಗಿದೆ. ನೆಲಮಹಡಿಯಲ್ಲಿ 24 ಪೋರ್ಟುಗಳ ಒಂದು ಸ್ವಿಚ್ಚು, ಕೌಂಟರುಗಳು ಹಾಗೂ ರೂಟರ್ ಇವೆ. ಮೇಲ್ಮಹಡಿಯ ದಾಖಲೆ ಕೊಠಡಿಯಲ್ಲಿ ಎರಡನೇ ಸ್ವಿಚ್ಚು ಮತ್ತು ಕೌಂಟರುಗಳು ಸ್ಕ್ಯಾನ್ ಪ್ರತಿಗಳನ್ನು ಸೇರಿಸುವ ಸಂಗ್ರಹ ಉಪಕರಣ ಇವೆ. ಎಲ್ಲ ಪೋರ್ಟುಗಳೂ 1 ಗಿಗಾಬಿಟ್ ವೇಗದವು.

ನೆಲಮಹಡಿಯ ಸ್ವಿಚ್ಚಿನ ಹಂಚಿಕೆ:

ಪೋರ್ಟ್ 1 ರಿಂದ 8: ವರ್ಚುವಲ್ ಜಾಲ 10, ಕೌಂಟರ್, ವಿಳಾಸ ಶ್ರೇಣಿ 192.168.10.0
ಪೋರ್ಟ್ 9 ರಿಂದ 14: ವರ್ಚುವಲ್ ಜಾಲ 20, ಕಚೇರಿ ಆಡಳಿತ, ವಿಳಾಸ ಶ್ರೇಣಿ 192.168.20.0
ಪೋರ್ಟ್ 15 ರಿಂದ 18: ವರ್ಚುವಲ್ ಜಾಲ 30, ಕಿಯೋಸ್ಕ್ ಹಾಗೂ ಸಾರ್ವಜನಿಕ ವೈಫೈ, ವಿಳಾಸ ಶ್ರೇಣಿ 192.168.30.0
ಪೋರ್ಟ್ 19 ಮತ್ತು 20: ವರ್ಚುವಲ್ ಜಾಲ 40, ಕ್ಯಾಮೆರಾ ಹಾಗೂ ಟೋಕನ್ ಫಲಕ, ವಿಳಾಸ ಶ್ರೇಣಿ 192.168.40.0
ಪೋರ್ಟ್ 21: ವರ್ಚುವಲ್ ಜಾಲ 99, ಸ್ವಿಚ್ಚುಗಳ ನಿರ್ವಹಣೆ, ವಿಳಾಸ ಶ್ರೇಣಿ 192.168.99.0
ಪೋರ್ಟ್ 22: ರೂಟರಿಗೆ, 10, 20, 30, 40 ಗುರುತು ಸಹಿತ
ಪೋರ್ಟ್ 23 ಮತ್ತು 24: ಮೇಲ್ಮಹಡಿಗೆ ಸಂಪರ್ಕ ಸಮೂಹ, 10, 20, 40, 99 ಗುರುತು ಸಹಿತ

ಪ್ರತಿ ಶ್ರೇಣಿಯ ಉಪಜಾಲ ಮುಖವಾಡ 255.255.255.0. ವಿಳಾಸದ ಮೂರನೇ ಅಂಕಿ ಹಾಗೂ ವರ್ಚುವಲ್ ಜಾಲದ ಸಂಖ್ಯೆ ಒಂದೇ ಆಗಿರುವಂತೆ ನೋಡಿಕೊಂಡರೆ, ಮುಂದೆ ದೋಷ ಹುಡುಕುವಾಗ ಗೊಂದಲ ತಪ್ಪುತ್ತದೆ.

ಮೇಲ್ಮಹಡಿಯಲ್ಲಿ ಕಿಯೋಸ್ಕ್ ಆಗಲಿ ಸಾರ್ವಜನಿಕ ವೈಫೈ ಆಗಲಿ ಇಲ್ಲ. ಆದುದರಿಂದ ವರ್ಚುವಲ್ ಜಾಲ 30ನ್ನು ಸಂಪರ್ಕ ಸಮೂಹದ ಪಟ್ಟಿಯಲ್ಲಿ ಸೇರಿಸಿಲ್ಲ. ಅಗತ್ಯವಿಲ್ಲದೆಡೆಗೆ ಸಾರ್ವಜನಿಕ ಜಾಲವನ್ನು ಒಯ್ಯಬಾರದು ಎಂಬುದು ಸಾಮಾನ್ಯ ನಿಯಮ.

6. ಅಳವಡಿಕೆಯ ಹಂತಗಳು

6.1 ಪೂರ್ವಸಿದ್ಧತೆ

(ಅ) ಕೌಂಟರ್ ವೇಳೆ ಮುಗಿದ ನಂತರವೇ ಕೆಲಸ ಆರಂಭಿಸತಕ್ಕದ್ದು.
(ಆ) ಮೇಲಿನ ಹಂಚಿಕೆಯನ್ನು ಮೊದಲು ಕಾಗದದಲ್ಲಿ ಬರೆದು, ಪ್ರತಿ ತಂತಿಯ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸತಕ್ಕದ್ದು.
(ಇ) ಹಾಲಿ ಸಂರಚನೆಯ ಪ್ರತಿಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು.
(ಈ) ಕನ್ಸೋಲ್ ತಂತಿ ಹತ್ತಿರವಿರಲಿ. ಜಾಲದ ಮೂಲಕ ಸಂರಚಿಸುವಾಗ ಸ್ವಂತ ಸಂಪರ್ಕವೇ ಕಡಿತಗೊಂಡರೆ ಮರಳಿ ಪ್ರವೇಶಿಸಲು ಅದೊಂದೇ ದಾರಿ.
(ಉ) ತಯಾರಕರು ನೀಡಿದ ಪೂರ್ವನಿಯೋಜಿತ ಗುಪ್ತಪದವನ್ನು ಬದಲಾಯಿಸತಕ್ಕದ್ದು. ಗುಪ್ತಪದವನ್ನು ಬಯಲಾಗಿ ರವಾನಿಸುವ ಟೆಲ್ನೆಟ್ ಸೌಲಭ್ಯವನ್ನು ನಿಲ್ಲಿಸಿ, ಎಸ್‌ಎಸ್‌ಎಚ್ ಬಳಸತಕ್ಕದ್ದು.

6.2 ವರ್ಚುವಲ್ ಜಾಲಗಳ ರಚನೆ

(ಅ) ಎರಡೂ ಸ್ವಿಚ್ಚುಗಳಲ್ಲಿ ಅಗತ್ಯ ವರ್ಚುವಲ್ ಜಾಲಗಳನ್ನು ಸಂಖ್ಯೆ ಹಾಗೂ ಹೆಸರು ಸಹಿತ ಸೃಜಿಸಬೇಕು. ಒಂದು ಸ್ವಿಚ್ಚಿನಲ್ಲಿ ಸೃಜಿಸಿದ್ದು ಮತ್ತೊಂದಕ್ಕೆ ತಾನಾಗಿ ತಿಳಿಯುತ್ತದೆಂದು ಭಾವಿಸಬಾರದು. ಇವುಗಳ ಜೊತೆಗೆ ಯಾವ ಉಪಕರಣವನ್ನೂ ಜೋಡಿಸದ 999 ಎಂಬ ಜಾಲವನ್ನೂ ಸೃಜಿಸಬೇಕು.

(ಆ) ಗಣಕಯಂತ್ರಗಳು ಜೋಡಣೆಯಾಗುವ ಪೋರ್ಟುಗಳನ್ನು ಆಯಾ ವರ್ಚುವಲ್ ಜಾಲಕ್ಕೆ ಗುರುತುರಹಿತ ಸದಸ್ಯರನ್ನಾಗಿ ಮಾಡಬೇಕು. ಸಾಮಾನ್ಯ ಗಣಕಯಂತ್ರಕ್ಕೆ ಗುರುತುಚೀಟಿಯ ಪರಿಚಯವಿಲ್ಲ. ಅದು ಸ್ವಿಚ್ಚಿನೊಳಗೆ ಬಂದಾಗ ಸೇರಿ, ಹೊರಗೆ ಹೋಗುವಾಗ ಕಳಚುತ್ತದೆ. ಹಲವು ಸ್ವಿಚ್ಚುಗಳಲ್ಲಿ ಇದಕ್ಕಾಗಿ ಎರಡು ಕಡೆ ನಮೂದು ಬೇಕಾಗುತ್ತದೆ: ಪೋರ್ಟ್ ಯಾವ ಜಾಲದ ಸದಸ್ಯ ಎಂಬುದು ಒಂದು, ಗುರುತಿಲ್ಲದೆ ಒಳಬಂದ ಸಂದೇಶವನ್ನು ಯಾವ ಜಾಲಕ್ಕೆ ಸೇರಿಸಬೇಕು ಎಂಬ ಪಿವಿಐಡಿ ಸಂಖ್ಯೆ ಇನ್ನೊಂದು. ಮೊದಲನೆಯದನ್ನು ಮಾತ್ರ ಬದಲಾಯಿಸಿದರೆ ಯಂತ್ರ ಸಂದೇಶ ಪಡೆಯುತ್ತದೆ, ಆದರೆ ಅದು ಕಳುಹಿಸಿದ ಸಂದೇಶ ಬೇರೆ ಜಾಲಕ್ಕೆ ಹೋಗುತ್ತದೆ.

(ಇ) ಪೋರ್ಟ್ 22ನ್ನು 10, 20, 30, 40ಕ್ಕೆ ಗುರುತು ಸಹಿತ ಸದಸ್ಯನನ್ನಾಗಿ ಮಾಡಬೇಕು. ಗುರುತಿಲ್ಲದ ಸಂದೇಶಗಳ ಜಾಲವನ್ನಾಗಿ 999ನ್ನು ಎರಡೂ ತುದಿಗಳಲ್ಲಿ ನಮೂದಿಸಬೇಕು. ಪೂರ್ವನಿಯೋಜಿತವಾಗಿ ಈ ಸ್ಥಾನದಲ್ಲಿರುವ ಜಾಲ 1ನ್ನು ಹಾಗೆಯೇ ಬಿಟ್ಟರೆ, ಎರಡು ಗುರುತುಗಳನ್ನು ಒಂದರ ಮೇಲೊಂದು ಅಂಟಿಸಿ ಬೇರೆ ಜಾಲಕ್ಕೆ ನುಸುಳುವ ದುರುಪಯೋಗಕ್ಕೆ ಅವಕಾಶವಾಗುತ್ತದೆ.

(ಈ) ಬಳಕೆಯಲ್ಲಿಲ್ಲದ ಎಲ್ಲ ಪೋರ್ಟುಗಳನ್ನು 999ಕ್ಕೆ ಸೇರಿಸಿ, ನಿಷ್ಕ್ರಿಯಗೊಳಿಸಬೇಕು. ನಾಲ್ಕು ಕೌಂಟರುಗಳು ಮಾತ್ರ ನಡೆಯುತ್ತಿದ್ದಲ್ಲಿ ಉಳಿದ ನಾಲ್ಕು ಪೋರ್ಟುಗಳೂ ಇದಕ್ಕೆ ಒಳಪಡುತ್ತವೆ.

(ಉ) ವರ್ತುಲಗಳನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಸೌಲಭ್ಯವನ್ನು ಚಾಲನೆಯಲ್ಲಿಡಬೇಕು. ಗಣಕಯಂತ್ರಗಳ ಪೋರ್ಟುಗಳನ್ನು ಅಂಚಿನ ಪೋರ್ಟ್ ಎಂದು ನಮೂದಿಸಬೇಕು; ಇಲ್ಲವಾದಲ್ಲಿ ಹಳೆಯ ಪದ್ಧತಿಯಲ್ಲಿ ಪೋರ್ಟ್ ಚಾಲನೆಗೆ 30 ಸೆಕೆಂಡು ಹಿಡಿದು, ಬೆಳಿಗ್ಗೆ ಯಂತ್ರ ಹಚ್ಚಿದಾಗ ವಿಳಾಸ ದೊರೆಯದೆ ಹೋಗಬಹುದು.

(ಊ) ನಿರ್ವಹಣಾ ವಿಳಾಸವನ್ನು ಜಾಲ 99ಕ್ಕೆ ವರ್ಗಾಯಿಸುವುದು ಕೊನೆಯ ಕೆಲಸವಾಗಿರಲಿ. ಪೋರ್ಟ್ 21ಕ್ಕೆ ಯಂತ್ರ ಜೋಡಿಸಿ ಹೊಸ ವಿಳಾಸದಲ್ಲಿ ಪ್ರವೇಶ ದೊರೆಯಿತೆಂದು ಖಚಿತಪಡಿಸಿಕೊಂಡ ನಂತರವೇ ಹಳೆಯ ವಿಳಾಸವನ್ನು ತೆಗೆಯಬೇಕು.

6.3 ಸಂಪರ್ಕ ಸಮೂಹದ ರಚನೆ

(ಅ) ಪೋರ್ಟ್ 23 ಮತ್ತು 24ರ ತಂತಿಗಳನ್ನು ಮೊದಲು ಕಳಚಿಡಬೇಕು. ಸಮೂಹ ರಚನೆಯಾಗುವ ಮುನ್ನವೇ ಎರಡೂ ತಂತಿಗಳನ್ನು ಜೋಡಿಸಿದರೆ ವರ್ತುಲ ಉಂಟಾಗುತ್ತದೆ. ಸ್ಪ್ಯಾನಿಂಗ್ ಟ್ರೀ ಇದ್ದರೆ ಅದು ಒಂದು ತಂತಿಯನ್ನು ತಡೆಹಿಡಿಯುತ್ತದೆ. ಇಲ್ಲದಿದ್ದರೆ ಸಂದೇಶಗಳು ಕೊನೆಯಿಲ್ಲದೆ ಸುತ್ತಿ ಇಡೀ ಜಾಲ ನಿಲ್ಲುತ್ತದೆ.

(ಆ) ಎರಡೂ ಸ್ವಿಚ್ಚುಗಳಲ್ಲಿ ತಲಾ ಒಂದು ಸಮೂಹವನ್ನು ಸೃಜಿಸಿ, ತಲಾ ಎರಡು ಪೋರ್ಟುಗಳನ್ನು ಸೇರಿಸಬೇಕು. ಸದಸ್ಯ ಪೋರ್ಟುಗಳ ವೇಗ ಒಂದೇ ಆಗಿದ್ದು, ಎಲ್ಲವೂ ಪೂರ್ಣ ದ್ವಿಮುಖ ಸಂವಹನದಲ್ಲಿರಬೇಕು.

(ಇ) ಎಲ್‌ಎಸಿಪಿ ವಿಧಾನವನ್ನು ಎರಡೂ ಕಡೆ ಸಕ್ರಿಯ ಎಂದು ಇಡುವುದು ಸೂಕ್ತ. ಒಂದು ಸಕ್ರಿಯ, ಇನ್ನೊಂದು ನಿಷ್ಕ್ರಿಯ ಇದ್ದರೂ ಸಮೂಹ ರಚನೆಯಾಗುತ್ತದೆ. ಎರಡೂ ನಿಷ್ಕ್ರಿಯ ಇದ್ದರೆ ಎರಡೂ ಕಡೆಯವರು ಇನ್ನೊಬ್ಬರು ಮೊದಲು ಮಾತನಾಡಲಿ ಎಂದು ಕಾದು ಕುಳಿತಂತಾಗಿ, ಸಮೂಹ ರಚನೆಯಾಗುವುದಿಲ್ಲ. ಸಂವಾದವಿಲ್ಲದ ಸ್ಥಿರ ಸಮೂಹವನ್ನು, ಎದುರಿನ ಉಪಕರಣಕ್ಕೆ ಎಲ್‌ಎಸಿಪಿ ತಿಳಿಯದಿದ್ದಾಗ ಮಾತ್ರ ಬಳಸಬೇಕು. ಅದರಲ್ಲಿ ತಂತಿ ತಪ್ಪು ಕಿಂಡಿಗೆ ಹೋದರೂ ಎಚ್ಚರಿಕೆ ದೊರೆಯುವುದಿಲ್ಲ.

(ಈ) ಎಲ್‌ಎಸಿಪಿ ಸಂದೇಶಗಳನ್ನು ನಿಧಾನ ವಿಧಾನದಲ್ಲಿ 30 ಸೆಕೆಂಡಿಗೊಮ್ಮೆ, ಶೀಘ್ರ ವಿಧಾನದಲ್ಲಿ 1 ಸೆಕೆಂಡಿಗೊಮ್ಮೆ ಕಳುಹಿಸಲಾಗುತ್ತದೆ. ಮೂರು ಅವಧಿಗಳವರೆಗೆ, ಅಂದರೆ ಕ್ರಮವಾಗಿ 90 ಸೆಕೆಂಡು ಅಥವಾ 3 ಸೆಕೆಂಡು ಸಂದೇಶ ಬಾರದಿದ್ದಲ್ಲಿ ಆ ತಂತಿಯನ್ನು ಸಮೂಹದಿಂದ ಕೈಬಿಡಲಾಗುತ್ತದೆ. ತಂತಿಯನ್ನು ನೇರವಾಗಿ ಕಿತ್ತಾಗ ಸ್ವಿಚ್ಚಿಗೆ ಕೂಡಲೇ ತಿಳಿಯುತ್ತದೆ. ನಡುವೆ ದ್ಯುತಿತಂತು ಪರಿವರ್ತಕದಂತಹ ಉಪಕರಣವಿದ್ದರೆ ಮಾತ್ರ ಈ ಅವಧಿ ಮಹತ್ವ ಪಡೆಯುತ್ತದೆ.

(ಉ) ವರ್ಚುವಲ್ ಜಾಲಗಳ ಸದಸ್ಯತ್ವವನ್ನು ಸಮೂಹಕ್ಕೆ ನೀಡಬೇಕೇ ಹೊರತು ಪೋರ್ಟ್ 23 ಹಾಗೂ 24ಕ್ಕೆ ಬಿಡಿಬಿಡಿಯಾಗಿ ನೀಡಬಾರದು. ಇಲ್ಲಿಯೂ ಗುರುತಿಲ್ಲದ ಸಂದೇಶಗಳ ಜಾಲ 999 ಆಗಿರಲಿ.

(ಊ) ಹಂಚಿಕೆಯ ಆಧಾರವನ್ನು ಆರಿಸಬೇಕು. ಸಮೂಹವು ಒಂದು ಕಡತವನ್ನು ಎರಡು ತಂತಿಗಳಲ್ಲಿ ಅರ್ಧರ್ಧ ಕಳುಹಿಸುವುದಿಲ್ಲ. ಕಳುಹಿಸುವವರ ಹಾಗೂ ಪಡೆಯುವವರ ವಿಳಾಸಗಳನ್ನು ಲೆಕ್ಕ ಹಾಕಿ ಒಂದು ಸಂವಾದದ ಎಲ್ಲ ಸಂದೇಶಗಳನ್ನೂ ಒಂದೇ ತಂತಿಯಲ್ಲಿ ಕಳುಹಿಸುತ್ತದೆ. ಇಲ್ಲದಿದ್ದರೆ ಪುಟಗಳ ಕ್ರಮ ತಪ್ಪುತ್ತದೆ. ಹೀಗಾಗಿ ಒಂದು ಗಣಕಯಂತ್ರಕ್ಕೆ 1 ಗಿಗಾಬಿಟ್‌ಗಿಂತ ಹೆಚ್ಚಿನ ವೇಗ ದೊರೆಯುವುದಿಲ್ಲ. ಎಂಟು ಕೌಂಟರುಗಳು ಒಟ್ಟಾಗಿ ಕೆಲಸ ಮಾಡುವಾಗ ಮಾತ್ರ ಲಾಭವಿದೆ. ಮಾದರಿ ಕೇಂದ್ರದಲ್ಲಿ ಎಲ್ಲ ಕೌಂಟರುಗಳ ಗುರಿ ಒಂದೇ ಸಂಗ್ರಹ ಉಪಕರಣ. ಪಡೆಯುವವರ ವಿಳಾಸವನ್ನಷ್ಟೇ ಆಧಾರವಾಗಿಟ್ಟರೆ ಎಲ್ಲವೂ ಒಂದೇ ತಂತಿಗೆ ಬೀಳುತ್ತವೆ. ಆದುದರಿಂದ ಎರಡೂ ಕಡೆಯ ವಿಳಾಸಗಳನ್ನು ಪರಿಗಣಿಸುವ ಆಯ್ಕೆಯನ್ನು ಮಾಡಬೇಕು.

(ಋ) ಪೋರ್ಟ್ 23ರ ತಂತಿಯನ್ನು ಮೊದಲು ಜೋಡಿಸಿ, ಸಮೂಹ ಚಾಲನೆಗೆ ಬಂದುದನ್ನು ನೋಡಿ, ನಂತರ ಪೋರ್ಟ್ 24ರ ತಂತಿಯನ್ನು ಜೋಡಿಸಬೇಕು. ಎರಡೂ ತಂತಿಗಳನ್ನು ಒಂದೇ ಕೊಳವೆಯಲ್ಲಿ ಎಳೆಯಬಾರದು. ಒಂದೇ ಏಟಿಗೆ ಎರಡೂ ಕಡಿದರೆ ಸಮೂಹದ ಪ್ರಯೋಜನವಿಲ್ಲ. ತಾಮ್ರದ ತಂತಿಯ ಉದ್ದ 100 ಮೀಟರ್ ಮೀರಬಾರದು.

6.4 ರೂಟರಿನ ನಿಯಮಗಳು

ಜಾಲಗಳನ್ನು ವಿಂಗಡಿಸಿದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗುವುದಿಲ್ಲ. ರೂಟರ್ ಅವುಗಳ ನಡುವೆ ಬಾಗಿಲಿದ್ದಂತೆ. ನಿಯಮ ಹಾಕದಿದ್ದರೆ ಅದು ಎಲ್ಲರನ್ನೂ ಬಿಡುತ್ತದೆ. ಜಾಲ 30ರಿಂದ ಹೊರಗಿನ ಅಂತರ್ಜಾಲಕ್ಕೆ ಮಾತ್ರ ಅನುಮತಿ ನೀಡಿ, 10, 20, 40 ಜಾಲಗಳಿಗೂ ರೂಟರಿನ ನಿರ್ವಹಣಾ ಪುಟಕ್ಕೂ ಪ್ರವೇಶವನ್ನು ತಡೆಯತಕ್ಕದ್ದು. ಜಾಲ 40ಕ್ಕೆ ಹೊರಗಿನ ಸಂಪರ್ಕದ ಅಗತ್ಯವಿಲ್ಲದಿದ್ದಲ್ಲಿ ಅದನ್ನೂ ತಡೆಯತಕ್ಕದ್ದು.

6.5 ಸಂರಚನೆಯ ಉಳಿಕೆ ಹಾಗೂ ದಾಖಲೆ

ಹಲವು ಸ್ವಿಚ್ಚುಗಳಲ್ಲಿ ಮಾಡಿದ ಬದಲಾವಣೆ ಕೂಡಲೇ ಜಾರಿಗೆ ಬಂದರೂ, ಉಳಿಸು ಎಂಬ ಆದೇಶ ನೀಡುವವರೆಗೆ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಮೊದಲ ವಿದ್ಯುತ್ ಕಡಿತಕ್ಕೇ ಅದು ಅಳಿಸಿಹೋಗುತ್ತದೆ. ಎರಡೂ ಸ್ವಿಚ್ಚುಗಳಲ್ಲಿ ಸಂರಚನೆಯನ್ನು ಉಳಿಸಿ, ಅದರ ಪ್ರತಿಯನ್ನು ದಿನಾಂಕ ಸಹಿತ ಬೇರೆಡೆ ಇಡತಕ್ಕದ್ದು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ವ್ಯವಸ್ಥೆಯ ದಿನಚರಿ ದಾಖಲೆಗಳನ್ನು 180 ದಿನಗಳವರೆಗೆ ಕಾಪಾಡಬೇಕು. ಗಡಿಯಾರಗಳನ್ನು ಅಧಿಕೃತ ಕಾಲಮೂಲದೊಂದಿಗೆ ಹೊಂದಿಸಬೇಕು. ನಿರ್ದಿಷ್ಟ ಭದ್ರತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

7. ಪರಿಶೀಲನೆ

ಮರುದಿನ ಕೌಂಟರ್ ತೆರೆಯುವ ಮುನ್ನ ಕೆಳಕಂಡ ಪರೀಕ್ಷೆಗಳನ್ನು ನಡೆಸಿ, ಫಲಿತಾಂಶವನ್ನು ವಹಿಯಲ್ಲಿ ದಾಖಲಿಸತಕ್ಕದ್ದು.

(1) ಪ್ರತಿ ಕೌಂಟರಿನ ಯಂತ್ರದ ವಿಳಾಸ 192.168.10 ರಿಂದ ಆರಂಭವಾಗಬೇಕು.
(2) ಕೌಂಟರಿನಿಂದ ಮೇಲ್ಮಹಡಿಯ ಸಂಗ್ರಹ ಉಪಕರಣಕ್ಕೆ ಪಿಂಗ್ ಯಶಸ್ವಿಯಾಗಬೇಕು.
(3) ಕಿಯೋಸ್ಕ್‌ನಿಂದ ಅದೇ ಸಂಗ್ರಹ ಉಪಕರಣಕ್ಕೆ ಪಿಂಗ್ ವಿಫಲವಾಗಬೇಕು. ಇದು ಯಶಸ್ವಿಯಾದರೆ ಕೇಂದ್ರವನ್ನು ಸಾರ್ವಜನಿಕ ವೈಫೈ ಸಹಿತ ತೆರೆಯಬಾರದು.
(4) ಸ್ವಿಚ್ಚಿನ ಪುಟದಲ್ಲಿ ಸಮೂಹದ ಎರಡೂ ಪೋರ್ಟುಗಳು ಚಾಲನೆಯಲ್ಲಿರುವುದಾಗಿಯೂ ಎದುರಿನ ಸ್ವಿಚ್ಚು ಗುರುತಿಸಲ್ಪಟ್ಟಿರುವುದಾಗಿಯೂ ಕಾಣಬೇಕು.
(5) ಕೌಂಟರಿನಿಂದ ದೊಡ್ಡ ಕಡತವೊಂದನ್ನು ಕಳುಹಿಸುತ್ತಿರುವಾಗ ಪೋರ್ಟ್ 23ರ ತಂತಿ ಕೀಳಬೇಕು, ಕೆಲಸ ಮುಂದುವರಿಯಬೇಕು. ತಂತಿಯನ್ನು ಮರಳಿ ಜೋಡಿಸಿ ಪೋರ್ಟ್ 24ರಲ್ಲಿಯೂ ಇದನ್ನೇ ಪುನರಾವರ್ತಿಸಬೇಕು.
(6) ಎರಡೂ ಸ್ವಿಚ್ಚುಗಳ ವಿದ್ಯುತ್ ತೆಗೆದು ಮತ್ತೆ ನೀಡಿ, 1 ರಿಂದ 4ರ ಪರೀಕ್ಷೆಗಳನ್ನು ಪುನಃ ನಡೆಸಬೇಕು.

ಐದನೇ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ನಡೆಸುವುದು ಒಳ್ಳೆಯದು. ಸಮೂಹದ ಒಂದು ತಂತಿ ಕಡಿದರೂ ಕೆಲಸ ನಿಲ್ಲದ ಕಾರಣ ಯಾರಿಗೂ ತಿಳಿಯುವುದಿಲ್ಲ. ಎರಡನೆಯದೂ ಕಡಿದಾಗಲೇ ಗೊತ್ತಾಗುತ್ತದೆ.

8. ಸಾಮಾನ್ಯ ದೋಷಗಳು ಹಾಗೂ ಪರಿಹಾರ

ದೋಷ: ಕೌಂಟರಿನ ಯಂತ್ರಕ್ಕೆ 192.168.30 ಶ್ರೇಣಿಯ ವಿಳಾಸ ಬಂದಿದೆ. ಕಾರಣ: ತಂತಿ ತಪ್ಪು ಪೋರ್ಟಿನಲ್ಲಿದೆ ಅಥವಾ ಪೋರ್ಟ್ ತಪ್ಪು ಜಾಲದಲ್ಲಿದೆ. ಪರಿಹಾರ: ಚೀಟಿಯ ಸಂಖ್ಯೆ ಮತ್ತು ಹಂಚಿಕೆ ಪಟ್ಟಿಯನ್ನು ತಾಳೆ ನೋಡುವುದು.

ದೋಷ: ಯಂತ್ರಕ್ಕೆ 169.254 ರಿಂದ ಆರಂಭವಾಗುವ ವಿಳಾಸ ಬಂದಿದೆ. ಕಾರಣ: ವಿಳಾಸ ನೀಡುವ ಸೇವೆ ತಲುಪಿಲ್ಲ. ಪರಿಹಾರ: ರೂಟರ್ ಕಡೆಯ ಪೋರ್ಟಿನ ಪಟ್ಟಿಯಲ್ಲಿ ಆ ಜಾಲ ಇದೆಯೇ ಎಂದು ನೋಡುವುದು.

ದೋಷ: ಮೇಲ್ಮಹಡಿಯಲ್ಲಿ ಒಂದು ಜಾಲ ಮಾತ್ರ ಕೆಲಸ ಮಾಡುತ್ತಿಲ್ಲ. ಕಾರಣ: ಎರಡನೇ ಸ್ವಿಚ್ಚಿನಲ್ಲಿ ಅದನ್ನು ಸೃಜಿಸಿಲ್ಲ ಅಥವಾ ಸಮೂಹದ ಪಟ್ಟಿಯಲ್ಲಿ ಒಂದು ತುದಿಯಲ್ಲಿ ಬಿಟ್ಟುಹೋಗಿದೆ.

ದೋಷ: ಸಮೂಹದಲ್ಲಿ ಒಂದು ತಂತಿ ಸೇರುತ್ತಿಲ್ಲ. ಕಾರಣ: ಬಹುಪಾಲು ವೇಗದ ವ್ಯತ್ಯಾಸ. 1 ಗಿಗಾಬಿಟ್ ವೇಗಕ್ಕೆ ತಂತಿಯ ನಾಲ್ಕೂ ಜೋಡಿ ಎಳೆಗಳು ಸರಿಯಿರಬೇಕು. ಒಂದು ಜೋಡಿ ಕೆಟ್ಟರೆ ಪೋರ್ಟ್ 100 ಮೆಗಾಬಿಟ್‌ಗೆ ಇಳಿದು ಸಮೂಹದಿಂದ ಹೊರಗುಳಿಯಬಹುದು. ಪರಿಹಾರ: ತಂತಿಯ ತುದಿಗಳನ್ನು ಹೊಸದಾಗಿ ಕಟ್ಟುವುದು ಅಥವಾ ತಂತಿ ಬದಲಾಯಿಸುವುದು.

ದೋಷ: ಎಲ್ಲ ಪೋರ್ಟುಗಳ ದೀಪಗಳೂ ಏಕಕಾಲಕ್ಕೆ ಬಿರುಸಾಗಿ ಮಿನುಗುತ್ತಿದ್ದು, ಯಾವ ಯಂತ್ರವೂ ಕೆಲಸ ಮಾಡುತ್ತಿಲ್ಲ. ಕಾರಣ: ವರ್ತುಲ. ಪರಿಹಾರ: ಕೊನೆಯದಾಗಿ ಜೋಡಿಸಿದ ತಂತಿಯನ್ನು ಕಳಚುವುದು, ಎರಡೂ ತುದಿ ಗೋಡೆಯ ಕಿಂಡಿಗಳಲ್ಲೇ ಇರುವ ತುಂಡು ತಂತಿ ಇದೆಯೇ ಎಂದು ಹುಡುಕುವುದು.

ದೋಷ: ವಿದ್ಯುತ್ ಹೋಗಿ ಬಂದ ನಂತರ ಎಲ್ಲವೂ ಹಳೆಯ ಸ್ಥಿತಿಗೆ ಮರಳಿದೆ. ಕಾರಣ: ಸಂರಚನೆಯನ್ನು ಉಳಿಸಿಲ್ಲ. ಪರಿಹಾರ: ತೆಗೆದಿಟ್ಟ ಪ್ರತಿಯಿಂದ ಮರುಸ್ಥಾಪಿಸಿ, ಉಳಿಸುವುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೇಂದ್ರದ ಉಚಿತ ವೈಫೈ ಬಳಸಿದರೆ ಅರ್ಜಿದಾರರ ದಾಖಲೆಗಳಿಗೆ ಅಪಾಯವಿದೆಯೇ?
ಉತ್ತರ: ವೈಫೈ ಪ್ರತ್ಯೇಕ ವರ್ಚುವಲ್ ಜಾಲದಲ್ಲಿದ್ದು, ರೂಟರಿನಲ್ಲಿ ತಡೆ ಇದ್ದಲ್ಲಿ ಕೌಂಟರಿನ ಯಂತ್ರಗಳು ಅಲ್ಲಿಂದ ತಲುಪಲಾರವು. ಆದರೂ ಸಾರ್ವಜನಿಕ ವೈಫೈನಲ್ಲಿ ಬ್ಯಾಂಕ್ ವ್ಯವಹಾರ ನಡೆಸದಿರುವುದು ಉತ್ತಮ.

ಪ್ರಶ್ನೆ: ಗೋಡೆಯಲ್ಲಿ ಖಾಲಿ ಇರುವ ಜಾಲದ ಕಿಂಡಿಗೆ ಸ್ವಂತ ಲ್ಯಾಪ್‌ಟಾಪ್ ಜೋಡಿಸಬಹುದೇ?
ಉತ್ತರ: ಜೋಡಿಸಬಾರದು. ಆ ಕಿಂಡಿ ಕೌಂಟರಿನ ಜಾಲಕ್ಕೆ ಸೇರಿರಬಹುದು.

ಪ್ರಶ್ನೆ: "ಸರ್ವರ್ ಇಲ್ಲ" ಎಂದಾಗ ಅರ್ಜಿದಾರರು ಏನನ್ನು ಕೇಳಬಹುದು?
ಉತ್ತರ: ದೋಷ ಕೇಂದ್ರದ ಒಳಗಿನದೇ ಅಥವಾ ಹೊರಗಿನದೇ ಎಂದು ವಿಚಾರಿಸಬಹುದು. ಒಂದು ಕೌಂಟರ್ ಮಾತ್ರ ನಿಂತಿದ್ದು ಪಕ್ಕದ್ದು ನಡೆಯುತ್ತಿದ್ದರೆ ದೋಷ ಸಾಮಾನ್ಯವಾಗಿ ಆ ಯಂತ್ರ, ತಂತಿ ಅಥವಾ ಪೋರ್ಟಿನದು. ಇನ್ನೊಂದು ಕೌಂಟರಿನಲ್ಲಿ ಅರ್ಜಿ ಸ್ವೀಕರಿಸುವಂತೆ ಕೋರಬಹುದು. ಅರ್ಜಿ ದಾಖಲಾದ ಕೂಡಲೇ ಸ್ವೀಕೃತಿ ಪಡೆದು, ಅದರ ಸಂಖ್ಯೆಯನ್ನು ಜೋಪಾನವಾಗಿಡತಕ್ಕದ್ದು.

ಪ್ರಶ್ನೆ: ಒಂದೆರಡು ಗಣಕಯಂತ್ರಗಳ ಗ್ರಾಮ ಮಟ್ಟದ ಕೇಂದ್ರಕ್ಕೂ ಇದೆಲ್ಲ ಬೇಕೇ?
ಉತ್ತರ: ಒಂದೇ ಸ್ವಿಚ್ಚು ಇದ್ದಲ್ಲಿ ಸಂಪರ್ಕ ಸಮೂಹದ ಅಗತ್ಯವಿಲ್ಲ. ಆದರೆ ಗ್ರಾಹಕರಿಗೆ ವೈಫೈ ನೀಡುತ್ತಿದ್ದರೆ, ಅಥವಾ ಅದೇ ಸಂಪರ್ಕದಲ್ಲಿ ಮನೆಯ ದೂರದರ್ಶನ, ಮಕ್ಕಳ ಮೊಬೈಲ್ ಮುಂತಾದವು ಇದ್ದರೆ, ಅರ್ಜಿ ದಾಖಲಿಸುವ ಯಂತ್ರವನ್ನು ಪ್ರತ್ಯೇಕ ಜಾಲದಲ್ಲಿಡುವುದು ಅವಶ್ಯ.

ಪ್ರಶ್ನೆ: ಸಂಪರ್ಕ ಸಮೂಹವಿದ್ದರೆ ಕೇಂದ್ರ ಎಂದಿಗೂ ಸ್ಥಗಿತಗೊಳ್ಳುವುದಿಲ್ಲವೇ?
ಉತ್ತರ: ತಂತಿಯ ದೋಷದಿಂದ ಮಾತ್ರ ಅದು ರಕ್ಷಿಸುತ್ತದೆ. ಸ್ವಿಚ್ಚೇ ಕೆಟ್ಟರೆ ಅಥವಾ ವಿದ್ಯುತ್ ಇಲ್ಲದಿದ್ದರೆ ಸಮೂಹದಿಂದ ಪ್ರಯೋಜನವಿಲ್ಲ. ಯುಪಿಎಸ್ ಸಂಪರ್ಕವನ್ನು ಗಣಕಯಂತ್ರಗಳಿಗಷ್ಟೇ ನೀಡಿ ಸ್ವಿಚ್ಚು ಮತ್ತು ರೂಟರನ್ನು ಬಿಡಬಾರದು.

10. ಸೂಚನೆ

ಈ ಪುಟದ ವಿವರಗಳು ಮಾಹಿತಿಗಾಗಿ ಮಾತ್ರ. ಇಲ್ಲಿ ನೀಡಿರುವ ಜಾಲ ಸಂಖ್ಯೆಗಳು ಹಾಗೂ ವಿಳಾಸಗಳು ಉದಾಹರಣೆಗಳಾಗಿದ್ದು, ಪ್ರತಿ ಕೇಂದ್ರವೂ ತನಗೆ ಹಂಚಿಕೆಯಾದ ವಿಳಾಸ ಶ್ರೇಣಿಯನ್ನೇ ಬಳಸತಕ್ಕದ್ದು. ಗುಂಡಿಗಳ ಹಾಗೂ ಆದೇಶಗಳ ಹೆಸರುಗಳಿಗಾಗಿ ಆಯಾ ತಯಾರಕರ ಕೈಪಿಡಿಯನ್ನು ನೋಡತಕ್ಕದ್ದು. ಹಂಚಿಕೆ ಪಟ್ಟಿಯ ಒಂದು ಪ್ರತಿಯನ್ನು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿನ ಒಳಭಾಗದಲ್ಲಿ ಅಂಟಿಸಿ, ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯದಿರಲು ಕೋರಲಾಗಿದೆ. ಸಿಬ್ಬಂದಿ ವರ್ಗಾವಣೆಯಾದಾಗ ಸದರಿ ಪಟ್ಟಿ, ಸಂರಚನೆಯ ಪ್ರತಿ ಹಾಗೂ ಪರೀಕ್ಷೆಗಳ ವಹಿಯನ್ನು ಪ್ರಭಾರ ವಹಿಸಿಕೊಳ್ಳುವವರಿಗೆ ಲಿಖಿತವಾಗಿ ಹಸ್ತಾಂತರಿಸತಕ್ಕದ್ದು.